ಮೇಡಂ ನನ್ನನ್ನು ‘ಇಲ್ಲ’ ಮಾಡಿದ ದಿನ

ಚೌಕಾಸಿ ಬಲ್ಲವನಿಗೆ ಒಂದು ಕಾಯಿಲೆಯಿರುತ್ತದೆ: ತಾನಿಲ್ಲದಿದ್ದರೆ ಜಗತ್ತೆಲ್ಲ ಮೋಸಹೋಗುತ್ತದೆ ಎಂದು ನಂಬಿರುತ್ತಾನೆ. ಪೀಣ್ಯದಲ್ಲಿ ಹಳೆಯ ಲೇತ್ ಮೆಷೀನು ಕೊಂಡು ಮಾರಿಯೇ ಮೇಲೆ ಬಂದ ನನಗೆ ಅದು ಕೊಂಚ ಜೋರಾಗಿಯೇ ಇದೆ. ನಮ್ಮ ಮನೆಗೆ ಕೊತ್ತಂಬರಿ ಸೊಪ್ಪು ಕೂಡ ನನ್ನ ಸಲಹೆಯಿಲ್ಲದೆ ಬರುವಂತಿಲ್ಲ.

ಇಂಥವನನ್ನು ವಿಮಾನದವರು ಯಾಕೆ ಸೇರಿಸಿಕೊಂಡರೋ. ನಿವೃತ್ತ ಪೈಲಟ್‌ಗಳು, ಹವ್ಯಾಸಕ್ಕೆ ಹಾರುವವರು ಕಟ್ಟಿಕೊಂಡ ಸ್ವಯಂಸೇವಕರ ಪಡೆ ಅದು. ಕೆರೆ ಒಡೆದು ಬಡಾವಣೆ ಮುಳುಗಿದರೆ, ಪುಟ್ಟ ವಿಮಾನದಿಂದ ನೋಡಿ, ಜನ ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ಕೆಳಗಿನ ದೋಣಿಯವರಿಗೆ ವೈರ್‌ಲೆಸ್ಸಿನಲ್ಲಿ ತಿಳಿಸುವುದು ಅವರ ಕೆಲಸ. ಆ ವೈರ್‌ಲೆಸ್ಸಿಗೆ ಜನರೇಟರು, ಜನರೇಟರು ಎಳೆಯಲು ಟ್ರ್ಯಾಕ್ಟರು ಹೊಂದಿಸುವುದು ನನ್ನದು. ಅದು ಬಾರದಿದ್ದರೆ ಮೇಲಿನವರು ಕಂಡದ್ದು ಕೆಳಗಿನವರಿಗೆ ಮುಟ್ಟುವುದಿಲ್ಲ. ಬದಲಿ ಆಳೆಂದು ಹೆಂಡತಿ ಸರೋಜಳ ಹೆಸರು ಕೊಟ್ಟಿದ್ದೆ, ಹೆಸರಿಗೆ ಮಾತ್ರ.

ಯೋಜನೆಯೆಲ್ಲ ಪಡೆಯ ಮುಖ್ಯಸ್ಥೆ ಭಾರತಿ ಮೇಡಂ ಅವರದು. ತಾಲೀಮಿನ ನಡುವೆ ಯಾರದಾದರೂ ಭುಜ ತಟ್ಟಿ ‘ನೀವೀಗ ಇಲ್ಲ’ ಎನ್ನುವುದು ಅವರ ಪದ್ಧತಿ. ತಟ್ಟಿಸಿಕೊಂಡವರು ಮತ್ತೆ ಕರೆಯುವವರೆಗೆ ಬಾಯಿ ಮುಚ್ಚಿ ಕೂರಬೇಕು; ಉಳಿದವರು ಕೆಲಸ ನಡೆಸಬೇಕು. ನಿಜವಾದ ನೀರು ಯಾರನ್ನು ಎಲ್ಲಿ ಸಿಕ್ಕಿಸುತ್ತದೋ ಯಾರಿಗೆ ಗೊತ್ತು? ವ್ಯಾಪಾರದಲ್ಲಿ ಎಂತೆಂಥ ಚಾಣಾಕ್ಷರನ್ನೋ ಕಂಡಿದ್ದೇನೆ, ಇಷ್ಟು ದೂರ ನೋಡುವವರನ್ನು ಕಂಡಿಲ್ಲ.

ಚಿಕ್ಕಬಾಣಾವರದ ಬಯಲಿನಲ್ಲಿ ತಾಲೀಮು. ವಿಮಾನ ಮೇಲೆ ಸುತ್ತುತ್ತಿತ್ತು. ಟ್ರ್ಯಾಕ್ಟರಿನ ಮುನಿರಾಜಪ್ಪನ ಜೊತೆ ನಾನಿನ್ನೂ ಬಾಡಿಗೆಯ ಚೌಕಾಸಿಯಲ್ಲಿದ್ದೆ. ಭುಜದ ಮೇಲೆ ಕೈ ಬಿತ್ತು.

‘ನೀವೀಗ ಇಲ್ಲ ಸಾರ್.’

‘ಒಂದೇ ಮಾತು ಮೇಡಂ, ಇನ್ನೇನು ಬಗ್ತಾನೆ.’

‘ಇಲ್ಲದವರು ಮಾತಾಡಲ್ಲ.’

ಕುರ್ಚಿಯಲ್ಲಿ ಕೂತೆ. ಬದಲಿ ಆಳಾಗಿ ಬಂದಿದ್ದ ಸರೋಜ ನೇರ ಮುನಿರಾಜಪ್ಪನ ಬಳಿ ಹೋದಳು. ‘ಅಣ್ಣ, ಬಾಡಿಗೆ ನೀವೇ ಹೇಳಿ. ಕೆರೆ ಒಡೆದ್ರೆ ಜನರನ್ನ ಹುಡುಕೋಕೆ ಈ ಜನರೇಟರ್ ಬೇಕೇಬೇಕು ಕಣ್ರೀ.’

ನಾನು ಕುರ್ಚಿಯಿಂದ ಅರ್ಧ ಎದ್ದೆ. ಅಗತ್ಯ ಎಷ್ಟೆಂದು ಎದುರಿನವನಿಗೆ ತಿಳಿಯಬಾರದು ಎಂಬುದು ವ್ಯಾಪಾರದ ಮೊದಲ ಪಾಠ. ಅದಕ್ಕೇ ಟ್ರ್ಯಾಕ್ಟರು ಯಾತಕ್ಕೆಂದು ನಾನು ಬಾಯಿಯೇ ಬಿಟ್ಟಿರಲಿಲ್ಲ.

‘ಅಂಗಂತ ಮೊದ್ಲೇ ಯೋಳ್ಬಾರ್ದಾ ಅಕ್ಕ?’ ಎಂದ ಮುನಿರಾಜಪ್ಪ. ‘ನಿಮ್ಮೆಜಮಾನ್ರು ಮದ್ವೆ ದಿಬ್ಬಣಕ್ಕೆ ಕೇಳ್ದಂಗೆ ಕೇಳ್ತಾವ್ರೆ. ಕೆರೆ ಒಡೆದ್ರೆ ನಮ್ಮನೇನೂ ಮುಳುಗ್ತದೆ. ಬಾಡ್ಗೆ ಯಾಕೆ, ನಡೀರಿ.’

ಜನರೇಟರು ಬಂತು, ವೈರ್‌ಲೆಸ್ಸು ಮಾತಾಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಇಲ್ಲದವರು ಚಪ್ಪಾಳೆ ತಟ್ಟಬಾರದೆಂದು ಯಾರೂ ಹೇಳಿರಲಿಲ್ಲ.

ನನ್ನ ಸಲಹೆ ಕೇಳಿ: ಮನೆಯಲ್ಲಿ, ಆಫೀಸಿನಲ್ಲಿ ಆಗಾಗ ಒಬ್ಬರನ್ನು ‘ಇಲ್ಲ’ ಮಾಡಿ ನೋಡಿ. ಆದಷ್ಟೂ ಬೇರೆಯವರಿಂದಲೇ ಶುರು ಮಾಡಿ.

ವಾಪಸು ಬರುವಾಗ ಸರೋಜ ಸೀಬೆಹಣ್ಣಿನ ಗಾಡಿಯ ಮುಂದೆ ಕಾರು ನಿಲ್ಲಿಸಿದಳು. ನಾನು ಕಿಟಕಿಯ ಗಾಜಿಳಿಸಿ ಬಾಯಿ ತೆರೆದೆ.

‘ಸುಮ್ನಿರಿ’ ಎಂದಳು. ‘ಮೇಡಂ ನಿಮ್ಮನ್ನ ಇನ್ನೂ ವಾಪಸ್ ಕರೆದಿಲ್ಲ.’

ಹೌದಲ್ಲ, ಮರೆತೇಬಿಟ್ಟಿದ್ದರು. ಹಣ್ಣೇನೋ ಬಹಳ ಸಿಹಿಯಾಗಿತ್ತು. ಬೆಲೆ ಎಷ್ಟೆಂದು ಕೇಳಲು ನಾನಿರಲಿಲ್ಲ.