ಮೇಲಿನ ಮನೆಯ ನಿಶ್ಶಬ್ದ

ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಯಾರೂ ನಗರಸಭೆಯವರಿಗೆ ಬಾಗಿಲು ತೆಗೆಯಬಾರದು. ಹೂಂರಾಯ ತೆಗೆದ.

ಹೊಸ್ತಿಲಾಚೆ ಒಬ್ಬ ಎಂಜಿನಿಯರು ನಿಂತಿದ್ದರು. ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು, ಎರಡೂ ಕೈಯಲ್ಲಿ ಹಸುಗೂಸನ್ನು ಹಿಡಿದ ಹಾಗೆ ಹಿಡಿದುಕೊಂಡ ಒಂದು ಪೆಟ್ಟಿಗೆ.

"ಸ್ಟೇಡಿಯಂಗೆ ಎಲ್ಲಕ್ಕಿಂತ ಹತ್ತಿರದ ಬಾಲ್ಕನಿ ನಿಮ್ಮದೇ," ಅಂದರು ಅವರು. "ಇವತ್ತು ನಾಲ್ಕು ಗಂಟೆಗೆ ಅಲ್ಲಿ ಸ್ಪೀಕರ್ ಹಾಕಿ ಪರೀಕ್ಷೆ ಮಾಡ್ತಾರೆ. ಶಬ್ದ ಅಳೆಯೋ ಈ ಯಂತ್ರ ನಿಮ್ಮ ಬಾಲ್ಕನಿಯಲ್ಲಿ ಇರಬೇಕು. ಅತಿ ಜೋರು ಎಷ್ಟು ಅನ್ನೋದನ್ನ ಅದೇ ನೆನಪಿಟ್ಕೊಳ್ಳತ್ತೆ. ನೋಡ್ಕೊಳ್ಳೋ ಜವಾಬ್ದಾರಿ ನಿಮ್ಮದು. ಒಪ್ಪಿಗೆ ತಾನೆ?"

ಬೇರೆ ಏನಾದರೂ ಅನ್ನಲು ಬಾಯಿ ತೆರೆದರೆ ನೊರೆ ಎಂಜಿನಿಯರ ಅಂಗಿಯ ಮೇಲೆ ಬೀಳುತ್ತಿತ್ತು. "ಹೂಂ," ಅಂದುಬಿಟ್ಟ.

ಅವನಿಗೆ ಆ ಹೆಸರು ಬಂದದ್ದೇ ಹೀಗೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಇಬ್ಬರು ಜಗಳವಾಡುತ್ತಿದ್ದರೆ ಇಬ್ಬರಿಗೂ ಹೂಂ ಅಂದು, ಇಬ್ಬರೂ ತನ್ನ ಕಡೆ ತಿರುಗುವಷ್ಟರಲ್ಲಿ ಜಾಗ ಖಾಲಿ ಮಾಡುವುದು ಅವನ ಪದ್ಧತಿ. ಈ ವರ್ಷ ಮಾತ್ರ ಆ ಪದ್ಧತಿ ಬಹಳ ಸುಸ್ತಾಗಿತ್ತು. ಊರ ನಡುವಿನ ಸ್ಟೇಡಿಯಂನಲ್ಲಿ ವರ್ಷಕ್ಕೆ ನಾಲ್ಕೈದು ಸಂಗೀತ ಕಾರ್ಯಕ್ರಮ ನಡೆಯುತ್ತಿದ್ದವು. ಇನ್ನು ಮೇಲೆ ತಿಂಗಳಿಗೆ ಎರಡು ನಡೆಸಬೇಕೆಂದು ನಗರಸಭೆ ಹೊರಟಿತ್ತು. ಬೀದಿ ಎರಡು ಪಾಲಾಯಿತು. ಅಂಗಡಿಯವರು ಬೇಕು ಅಂದರು, ಮನೆಯವರು ಬೇಡ ಅಂದರು. ಅಂಗಡಿಯ ಮೇಲೆಯೇ ಮನೆ ಇದ್ದವರು ಕೆಳಗಿರುವಾಗ ಬೇಕು ಅಂದು, ಮೆಟ್ಟಿಲು ಹತ್ತಿದ ಮೇಲೆ ಬೇಡ ಅನ್ನುತ್ತಿದ್ದರು.

ಎಂಜಿನಿಯರು ಬಾಲ್ಕನಿಯಲ್ಲಿ ಯಂತ್ರ ನಿಲ್ಲಿಸಿ, "ಸಂಜೆ ಸಭೆಯಲ್ಲಿ ಎಲ್ಲರ ಮುಂದೆ ಅಳತೆ ಓದ್ತೀನಿ. ಅರವತ್ತೈದು ಡೆಸಿಬೆಲ್ ದಾಟಿದ್ರೆ ಕಾರ್ಯಕ್ರಮ ಇಲ್ಲ. ದಾಟದಿದ್ರೆ ಉಂಟು. ಯಾರೂ ಮುಟ್ಟಬಾರದು," ಅಂದು ಇಳಿದು ಹೋದರು.

"ನಿಮಗೆ ಬಾಯಿ ಮುಕ್ಕಳಿಸೋಕೂ ಪುರುಸೊತ್ತು ಸಿಗಲಿಲ್ವಾ?" ಅಂದಳು ಹೆಂಡತಿ.

ಅವನು ಬಾಯಿ ಮುಕ್ಕಳಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಡ್‌ಮೇಡಂ ಹೆಜ್ಜೆ ಕೇಳಿಸಿತು. ಮನೆಯ ಒಡತಿ ಅವರೇ, ನೆಲಮಹಡಿಯಲ್ಲಿ ಇರುವವರು. ಹುಡುಗಿಯರ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. 'ಬೇಡ' ಪಕ್ಷದ ಮುಖ್ಯಸ್ಥೆಯೂ ಹೌದು. ಅವರು ಒಳಗೆ ಬಂದರೆ ಹೂಂರಾಯನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

"ಯಂತ್ರ ಬಂತಂತೆ?"

"ಹೂಂ, ಮೇಡಂ."

"ನೀವು ಕೆಲಸ ಮಾಡೋದು ಆ ಸ್ಪೀಕರ್ ಬಾಡಿಗೆ ಕೊಡೋನ ಹತ್ರ. ನನಗೆ ಗೊತ್ತು. ನೀವಿರೋದು ನನ್ನ ಮನೆಯಲ್ಲಿ. ಅದು ನಿಮಗೆ ಗೊತ್ತಿರಲಿ." ಅವರು ಯಂತ್ರವನ್ನು ಹೊಸದಾಗಿ ಶಾಲೆಗೆ ಸೇರಿದ ಹುಡುಗಿಯನ್ನು ನೋಡಿದಂತೆ ನೋಡಿದರು. "ಅಳತೆ ಕಡಿಮೆ ಬಂತೋ, ತಿಂಗಳ ಕೊನೆಗೆ ಬೇರೆ ಮನೆ ನೋಡ್ಕೊಳ್ಳಿ."

ಹೂಂರಾಯ ಹೂಂ ಅಂದ. ಅಂದ ಮೇಲೆ ಯಾವುದಕ್ಕೆ ಅಂದೆ ಎಂದು ಯೋಚಿಸಿದ.

ಕೆಲಸದ ಜಾಗಕ್ಕೆ ಹೋದರೆ ಅಲ್ಲಿ ಮಾಲೀಕ ಬಾಗಿಲಲ್ಲೇ ನಿಂತಿದ್ದ. ಹುಟ್ಟುವಾಗಲೇ ಮೈಕು ನುಂಗಿದಂಥ ಮನುಷ್ಯ. ಗುಟ್ಟು ಹೇಳಿದರೆ ಎದುರು ಬೀದಿಯ ಕ್ಷೌರಿಕನ ಕತ್ತರಿ ನಿಲ್ಲುತ್ತಿತ್ತು.

"ಬಾರಯ್ಯಾ, ಬಾ! ನಿನ್ನ ಮನೆಯಲ್ಲೇ ಇಟ್ಟಿದ್ದಾರಂತಲ್ಲ! ನನ್ನ ಅದೃಷ್ಟ ನೋಡು!"

"ಸರ್, ಸ್ಪೀಕರನ್ನ ಸ್ವಲ್ಪ ಸಣ್ಣಗೆ ಇಟ್ಟರೆ..."

"ಆಗಲ್ಲ ಕಣೋ. ಆ ಎಂಜಿನಿಯರು ಅಲ್ಲೇ ಪಕ್ಕದಲ್ಲಿ ನಿಂತಿರ್ತಾನೆ. ನಿಜವಾದ ಕಾರ್ಯಕ್ರಮದಷ್ಟೇ ಜೋರು ಇರಬೇಕಂತೆ." ಮಾಲೀಕ ಅವನ ಹೆಗಲ ಮೇಲೆ ಕೈ ಹಾಕಿದ. "ನೀನು ಏನೂ ಮಾಡ್ಬೇಡ. ನಾನು ಏನಾದ್ರೂ ಮಾಡು ಅಂತ ಹೇಳಿದ್ನಾ?"

"ಇಲ್ಲ ಸರ್."

"ಹಾಂ. ಆದ್ರೆ ಅಳತೆ ಮೀರಿದ್ರೆ ಕಾರ್ಯಕ್ರಮ ಹೋಯ್ತು. ಕಾರ್ಯಕ್ರಮ ಹೋದ್ರೆ ಗೋದಾಮು ಹೋಯ್ತು. ಗೋದಾಮೇ ಇಲ್ಲದ ಮೇಲೆ ಅದನ್ನ ನೋಡ್ಕೊಳ್ಳೋಕೆ ಒಬ್ಬ ಮನುಷ್ಯ ಯಾಕೆ?"

ಆ ಒಬ್ಬ ಮನುಷ್ಯ ಹೂಂರಾಯ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವನು ಒಂದೇ ಕೇಬಲನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಊಟವಾದ ಕೂಡಲೇ ಮಾಲೀಕ, "ಹೋಗು, ಮನೆಗೆ ಹೋಗಿ ಆರಾಮಾಗಿರು," ಎಂದು ಕಳಿಸಿದ. ಮನೆಗೆ ಹೋಗಿ ಆರಾಮಾಗಿರಲು ಯಾರೂ ಅಷ್ಟು ನಿಧಾನವಾಗಿ ನಡೆದಿರಲಾರರು.

ಬಾಲ್ಕನಿಯಲ್ಲಿ ಜಾಗವೇ ಇರಲಿಲ್ಲ. ಹೆಡ್‌ಮೇಡಂ ತಮ್ಮ ಕಬ್ಬಿಣದ ಟ್ರಂಕಿನ ಮುಚ್ಚಳವನ್ನು ಯಂತ್ರದ ಹಿಂದೆ ಗೋಡೆಗೆ ಒರಗಿಸಿದ್ದರು. ಮೊದಲ ಮಹಡಿಯ ಮನೆಯಲ್ಲಿದ್ದ ಔಷಧಿ ಅಂಗಡಿಯವರು ಎರಡೂ ಕೈಯಲ್ಲಿ ದೊಡ್ಡ ಸ್ಟೀಲ್ ತಟ್ಟೆ ಹಿಡಿದು, ಯಾರೋ ಊಟ ಬಡಿಸಲು ಮರೆತಂತೆ ನಿಂತಿದ್ದರು.

"ಶಬ್ದ ಲೋಹಕ್ಕೆ ಬಡಿದು ವಾಪಸ್ ಬರತ್ತೆ," ಅಂದರು ಹೆಡ್‌ಮೇಡಂ. "ಯಂತ್ರ ಮುಟ್ಟಬಾರದು ಅಂದಿದ್ದಾರೆ. ತಟ್ಟೆ ಹಿಡಿಬಾರದು ಅಂದಿಲ್ಲ."

"ನೀವೂ ಬೇಡದ ಕಡೆನಾ?" ಹೂಂರಾಯ ಮೆಲ್ಲಗೆ ಕೇಳಿದ.

"ತಲೆನೋವಿನ ಮಾತ್ರೆ ಖರ್ಚಾಗತ್ತೆ ಅಂತ ನಾನು ಕಾರ್ಯಕ್ರಮದ ಕಡೆ ಅಂತಾರೆ ಜನ," ಅಂದರು ಔಷಧಿಯವರು ನೊಂದು. "ನನಗೂ ಒಂದು ತಲೆ ಇದೆ ಸ್ವಾಮಿ."

ನಾಲ್ಕು ಗಂಟೆ ಹತ್ತಿರವಾಯಿತು. ಸ್ಟೇಡಿಯಂ ಕಡೆಯಿಂದ ಯಾರೋ ಮೈಕು ತಟ್ಟಿದ ಸದ್ದು ಬಂತು, ಟಕ್ ಟಕ್. ಹೆಡ್‌ಮೇಡಂ ಮುಖ ಬಿಳುಪೇರಿತು. "ಅಯ್ಯೋ, ನನ್ನ ಶೋಕೇಸು!" ಶಾಲೆಯ ಹುಡುಗಿಯರು ಗೆದ್ದ ಕಪ್ಪುಗಳೆಲ್ಲ ಅವರ ಗಾಜಿನ ಶೋಕೇಸಿನಲ್ಲಿದ್ದವು. ಕಾರ್ಯಕ್ರಮ ನಡೆದಾಗಲೆಲ್ಲ ಅವರು ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ನಿಲ್ಲಬೇಕಿತ್ತು. "ನಾನು ಕೆಳಗೆ ಹೋಗ್ತೀನಿ. ನೆನಪಿರಲಿ, ತಿಂಗಳ ಕೊನೆ!" ಎಂದು ಓಡಿದರು. ಅಷ್ಟರಲ್ಲಿ ಔಷಧಿಯವರ ಫೋನು ರಿಂಗಾಯಿತು. ಕಿವಿಗೆ ಇಟ್ಟುಕೊಳ್ಳಲು ಹತ್ತಿ ಬೇಕೆಂದು ಅಂಗಡಿ ಮುಂದೆ ಸಾಲು ನಿಂತಿತ್ತಂತೆ. ತಟ್ಟೆ ಕೆಳಗಿಟ್ಟು ಅವರೂ ಓಡಿದರು.

ಹೂಂರಾಯ ಮತ್ತು ಯಂತ್ರ ಇಬ್ಬರೇ ಉಳಿದರು.

ಅವನು ಅದನ್ನು ನೋಡಿದ. ಅದರ ಪುಟ್ಟ ಕೆಂಪು ದೀಪ ಅವನನ್ನು ನೋಡಿತು. ಕೆಲಸ ಇದ್ದರೆ ಬೇರೆ ಮನೆ ಸಿಗುತ್ತದೆ, ಎಂದು ಅವನ ತಲೆ ಓಡಿತು. ಮನೆ ಮಾತ್ರ ಇದ್ದು ಕೆಲಸ ಇಲ್ಲದಿದ್ದರೆ ಆ ಮನೆಯೂ ಎಷ್ಟು ದಿನ?

ಅವನು ಒಳಗೆ ಹೋಗಿ ಹಾಸಿಗೆಯ ಮೇಲಿದ್ದ ಎರಡೂ ರಜಾಯಿ ತಂದ. ದಿಂಬು ತಂದ. ಹೆಂಡತಿಯ ಉಣ್ಣೆಯ ಶಾಲು ತಂದ. ಯಂತ್ರವನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಅದಕ್ಕೆ ಒಂದೊಂದಾಗಿ ಸುತ್ತಿ, ಮೇಲೆ ದಿಂಬು ಕಟ್ಟಿ, ಮಡಿಲಲ್ಲಿ ಅಪ್ಪಿಕೊಂಡು ಗೋಡೆಯ ಮರೆಯಲ್ಲಿ ಕುಕ್ಕರಿಸಿದ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ಅದಕ್ಕೇನು ಚಳಿಜ್ವರ ಬಂದಿದೆಯಾ?"

"ಒಳಗೆ ಹೋಗೇ!"

"ಇದ್ದದ್ದು ಇದ್ದಹಾಗೆ ಬರಲಿ ಬಿಡಿ ಅಂದ್ರೆ..."

ಮುಂದಿನದು ಅವನಿಗೆ ಕೇಳಿಸಲಿಲ್ಲ. ಮೊದಲು ನೆಲ ನಡುಗಿತು, ಆಮೇಲೆ ಗೋಡೆ, ಆಮೇಲೆ ಅವನ ಹಲ್ಲು. ಅಡುಗೆಮನೆಯ ಲೋಟಗಳು ಒಂದನ್ನೊಂದು ತಳ್ಳಿಕೊಂಡು ಕಟ್ಟೆಯ ಅಂಚಿಗೆ ಹೊರಟವು. ಟ್ರಂಕಿನ ಮುಚ್ಚಳ ದೆವ್ವ ಹಿಡಿದಂತೆ ಕುಣಿದು ಅವನ ಬೆನ್ನ ಮೇಲೆ ಬಿತ್ತು. ಹೆಂಡತಿಯ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದಾಳೆಂದು ಊಹಿಸುವ ಧೈರ್ಯ ಅವನಿಗಿರಲಿಲ್ಲ. ಶಬ್ದ ನಿಂತ ಮೇಲೂ ಅವನು ಬಹಳ ಹೊತ್ತು ಅಪ್ಪಿಕೊಂಡೇ ಕೂತಿದ್ದ. ನಿಂತಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಹೆಂಡತಿ ಬಂದು ರಜಾಯಿ ಎಳೆದ ಮೇಲೆ ಎದ್ದು ಯಂತ್ರವನ್ನು ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸಿದ.

ಎಂಜಿನಿಯರು ಬಂದು ಯಂತ್ರ ಒಯ್ಯುವಾಗ, "ಇದ್ಯಾಕೆ ಇಷ್ಟು ಬೆಚ್ಚಗಿದೆ?" ಅಂದರು.

"ಬಿಸಿಲು," ಅಂದ ಹೂಂರಾಯ. ಹೊರಗೆ ಮೋಡ ಕವಿದಿತ್ತು.

ಸಭೆ ನಡೆದದ್ದು ಶಾಲೆಯ ಸಭಾಂಗಣದಲ್ಲಿ. ಕರಿಹಲಗೆಯ ಮುಂದೆ ನಗರಸಭೆಯ ಅಧ್ಯಕ್ಷರು. ಎಡಗಡೆ ಬೇಕು, ಬಲಗಡೆ ಬೇಡ. ಹೂಂರಾಯ ಹೆಂಡತಿಯ ಜೊತೆ ನಡುವಿನ ದಾರಿಯಲ್ಲೇ ಒಂದು ಸ್ಟೂಲು ಹಾಕಿಕೊಂಡ.

"ವರ್ಷವಿಡೀ ಆ ಸ್ಟೇಡಿಯಂ ಹುಲ್ಲು ಬೆಳೆಸ್ತಾ ಕೂತಿರತ್ತೆ! ನಾಲ್ಕು ಜನ ಬಂದರೆ ನಮ್ಮ ಅಂಗಡಿನೂ ನಡೆಯತ್ತೆ!" ಎಡಗಡೆಯಿಂದ ಒಬ್ಬರು ಕೂಗಿದರು.

"ಬರೋ ನಾಲ್ಕು ಜನ ಗಾಡಿ ನಿಲ್ಲಿಸೋದು ನನ್ನ ಗೇಟಿನ ಮುಂದೆ! ಒದ್ದೆ ಮಾಡೋದು ನನ್ನ ಗೋಡೆ!" ಬಲಗಡೆಯಿಂದ ಒಬ್ಬ ಹೆಂಗಸು ಎದ್ದರು.

"ನಿಮ್ಮ ಮಗ ಎಲ್ಲಾ ಕಾರ್ಯಕ್ರಮಕ್ಕೂ ಹೋಗ್ತಾನಲ್ಲ?"

"ಅವನನ್ನ ಯಾಕೆ ಎಳೀತೀರಿ? ಅವನು ಅವರಪ್ಪನ ಕಡೆಯವನು!"

ಅಧ್ಯಕ್ಷರು ಮೇಜು ಕುಟ್ಟಿದರು. ಎಂಜಿನಿಯರು ಎದ್ದು ಯಂತ್ರದ ಗುಂಡಿ ಒತ್ತಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಒತ್ತಿದರು.

"ಮೂವತ್ತೊಂಬತ್ತು," ಅಂದರು.

 ಸಭೆ ಒಮ್ಮೆಲೇ ಸಿಡಿಯಿತು.

"ಸುಳ್ಳು!" ಹೆಡ್‌ಮೇಡಂ ಎದ್ದು ನಿಂತರು. "ನನ್ನ ಶೋಕೇಸಿನ ರಿಲೇ ಓಟದ ಕಪ್ಪು ಬಿದ್ದು ಕಿವಿ ಮುರಿದಿದೆ!"

"ಅದು ಕೆಳಗಿನ ಮನೆ ಮೇಡಂ, ಇದು ಮೇಲಿನ ಮನೆ. ನನ್ನ ಯಂತ್ರ ಸುಳ್ಳು ಹೇಳಲ್ಲ."

"ಹಾಗಾದ್ರೆ ಮನುಷ್ಯರನ್ನ ಕೇಳೋಣ." ಅವರು ತಿರುಗಿದರು. "ಏಳಿ ಮೇಲೆ!"

ಹೂಂರಾಯನ ಕಿವಿಯಲ್ಲಿ ಇನ್ನೂ ನೂರು ಜೀರುಂಡೆಗಳಿದ್ದವು. ಅವರ ತುಟಿ ನೋಡಿಯೇ ಎದ್ದ.

"ನಿಜ ಹೇಳಿ. ಪರೀಕ್ಷೆಯ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಏನು ಕೇಳಿಸಿತು?"

ಎಡಗಡೆಯಿಂದ ಮಾಲೀಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಬಲಗಡೆ ಹೆಡ್‌ಮೇಡಂ. ಜೀವನದಲ್ಲಿ ಮೊದಲ ಬಾರಿಗೆ ಹೂಂ ಅನ್ನಲು ಬರದಂಥ ಪ್ರಶ್ನೆ ಅವನ ಮುಂದಿತ್ತು. ನಿಜ ಹೇಳಿದರೆ ರಜಾಯಿಯ ಕತೆ ಹೇಳಬೇಕು.

"ಒಂದು... ಸೊಳ್ಳೆ ಬಂದ ಹಾಗಾಯ್ತು, ಮೇಡಂ. ಅಷ್ಟೇ."

ಹೆಂಡತಿ ಸೆರಗನ್ನು ಮುಖಕ್ಕೆ ಹಿಡಿದುಕೊಂಡಳು. ಹೆಡ್‌ಮೇಡಂ ಕುಸಿದು ಕೂತರು. ಇನ್ನು ಮುಗಿಯಿತು, ಮನೆ ಹೋಯಿತು, ಎಂದು ಹೂಂರಾಯ ಕಣ್ಣು ಮುಚ್ಚಿದ. ಆಗ ಔಷಧಿ ಅಂಗಡಿಯವರು ತೊಡೆ ತಟ್ಟಿಕೊಂಡು ಎದ್ದರು.

"ಹೌದಲ್ಲ! ಅದಕ್ಕೇ ಇವರು ಇಷ್ಟು ವರ್ಷದಲ್ಲಿ ಒಂದು ಸಲವೂ ದೂರು ಹೇಳಿಲ್ಲ! ನಾವೆಲ್ಲ ಬಾಯಿ ಬಡ್ಕೊಳ್ಳೋವಾಗ ಇವರು ಹೂಂ ಹೂಂ ಅಂತ ಇರ್ತಿದ್ದರು. ಕೇಳಿಸಿದ್ದರೆ ತಾನೆ!"

ಹೆಡ್‌ಮೇಡಂ ಮುಖದಲ್ಲಿ ಏನೋ ಬದಲಾಯಿತು. ಸಿಟ್ಟಿನ ಜಾಗದಲ್ಲಿ ಹಳೆಯ ವಿಜ್ಞಾನದ ಪಾಠ ಬಂದು ಕೂತಿತು. ಅವರು ಸೀದಾ ಕರಿಹಲಗೆಗೆ ಹೋಗಿ ಸೀಮೆಸುಣ್ಣ ಎತ್ತಿಕೊಂಡರು.

"ಇದು ಸ್ಟೇಡಿಯಂನ ಚಾವಣಿ. ಇದು ನನ್ನ ಮನೆ. ಚಾವಣಿಗೆ ಬಡಿದ ಶಬ್ದ ಹೀಗೆ ಎದ್ದು, ಮೇಲಿನ ಮಹಡಿಯನ್ನ ಹಾರಿ, ಹೀಗೆ ಆಚೆ ಬೀಳತ್ತೆ. ಜಲಪಾತದ ಹಿಂದೆ ನಿಂತವನು ನೆನೆಯಲ್ಲ ನೋಡಿ, ಹಾಗೆ. ಟ್ರಂಕಿನ ಮುಚ್ಚಳ ಇಟ್ಟರೂ ಮೂವತ್ತೊಂಬತ್ತೇ ಬಂದಿದೆ ಅಂದರೆ ಇನ್ನೇನು?"

"ಶಬ್ದದ ನೆರಳು!" ಎಂಜಿನಿಯರು ಚಪ್ಪಾಳೆ ತಟ್ಟಿದರು. "ಮೇಡಂ, ಅದ್ಭುತ!"

ಮುಂದಿನದೆಲ್ಲ ಸರಸರ ನಡೆಯಿತು. ಅಳತೆ ಮೀರಿಲ್ಲವಾದ್ದರಿಂದ ಕಾರ್ಯಕ್ರಮಗಳಿಗೆ ಅನುಮತಿ ಎಂದು ಅಧ್ಯಕ್ಷರು ಸಾರಿದರು. ಮಾಲೀಕ ಬಂದು ಹೂಂರಾಯನ ಬೆನ್ನಿಗೆ ಗುದ್ದಿದ, ಟ್ರಂಕಿನ ಮುಚ್ಚಳ ಬಿದ್ದ ಜಾಗಕ್ಕೇ. "ಗೋದಾಮು ನಿನ್ನದೇ ಕಣೋ!" ಹೆಡ್‌ಮೇಡಂ ಬಂದು, "ನಿಮ್ಮ ಮೇಲೆ ಅನುಮಾನಪಟ್ಟೆ. ತಪ್ಪಾಯ್ತು. ಮನೆ ಬಿಡೋ ಮಾತೇ ಬೇಡ," ಅಂದರು. ಕೆಲಸವೂ ಉಳಿಯಿತು, ಮನೆಯೂ ಉಳಿಯಿತು. ಹೂಂರಾಯನಿಗೆ ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

ಆಗ ಬಲಗಡೆಯ ಮೂಲೆಯಿಂದ ಒಬ್ಬ ಅಜ್ಜಿ ಕೋಲು ಊರಿಕೊಂಡು ಎದ್ದರು. "ಅಲ್ಲಪ್ಪಾ, ಅನುಮತಿ ಕೊಟ್ಟುಬಿಟ್ರಿ. ನನ್ನ ಎದೆ ಹೊಡ್ಕೊಳ್ಳತ್ತಲ್ಲ, ನಾನೆಲ್ಲಿ ಹೋಗ್ಲಿ?"

"ನನ್ನ ಸೊಸೆ ಬಾಣಂತಿ," ಅಂದರು ಇನ್ನೊಬ್ಬರು. "ಕೂಸು ಬೆಚ್ಚಿಬೀಳತ್ತೆ."

"ನಾನು ರಾತ್ರಿಪಾಳಿಯವನು. ಸಂಜೆ ಹೊತ್ತು ಮಲಗದಿದ್ದರೆ ಹೇಗೆ?"

 ಹೆಡ್‌ಮೇಡಂ ಮತ್ತೆ ಕರಿಹಲಗೆಯ ಹತ್ತಿರ ಹೋದರು. ತಾವು ಬರೆದ ಚಿತ್ರವನ್ನು ನೋಡಿದರು. ಮುಖ ಅರಳಿತು.

"ಯಾಕೆ ಯೋಚನೆ? ಇಡೀ ಬೀದಿಗೆ ನಿಶ್ಶಬ್ದದ ಜಾಗ ಒಂದಿದೆಯಲ್ಲ! ಕಾರ್ಯಕ್ರಮ ಇದ್ದ ದಿನ ಎಲ್ಲರೂ ಮೇಲಿನ ಮನೆಗೆ ಬಂದು ಕೂತ್ಕೊಳ್ಳಿ. ಇವರು ಯಾರಿಗೂ ಇಲ್ಲ ಅನ್ನೋರಲ್ಲ."

ಇಡೀ ಸಭೆ ಚಪ್ಪಾಳೆ ತಟ್ಟಿತು. ಅವತ್ತು ಮೊದಲ ಬಾರಿಗೆ ಎಡಗಡೆಯೂ ಬಲಗಡೆಯೂ ಒಂದೇ ಮಾತಿಗೆ ಒಪ್ಪಿದ್ದವು.

"ಮುಂದಿನ ತಿಂಗಳವರೆಗೆ ಯಾಕೆ ಕಾಯ್ತೀರಿ?" ಮಾಲೀಕನ ಗಂಟಲು ಮೊಳಗಿತು. "ವಾದ್ಯದವರು ಊರಲ್ಲೇ ಇದ್ದಾರೆ. ಈಗಲೇ ತಾಲೀಮು ಇದೆ. ಹೇಗೂ ಬರೀ ಮೂವತ್ತೊಂಬತ್ತಲ್ವಾ, ಇನ್ನೂ ನಾಲ್ಕು ಸ್ಪೀಕರ್ ಜಾಸ್ತಿ ಜೋಡಿಸೋಕೆ ಹೇಳಿದ್ದೀನಿ!"

ಕತ್ತಲಾಗುವ ಮೊದಲೇ ಹೂಂರಾಯನ ಮನೆಯಲ್ಲಿ ಕಾಲಿಡಲು ತೆರವಿರಲಿಲ್ಲ. ಅಜ್ಜಿ ಹಾಸಿಗೆಯ ಮೇಲೆ ಒರಗಿದರು. ಬಾಣಂತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಲ್ಕನಿಯ ಬಾಗಿಲ ಬಳಿ ಕೂತಳು. ರಾತ್ರಿಪಾಳಿಯವನು ಚಾಪೆ ತಂದು ಆಗಲೇ ಕಣ್ಣು ಮುಚ್ಚಿದ್ದ. ಎಂಜಿನಿಯರು ಅಧ್ಯಕ್ಷರನ್ನೇ ಕರೆದುಕೊಂಡು ಬಂದಿದ್ದರು, ಶಬ್ದದ ನೆರಳು ತೋರಿಸಲು. ಕೊನೆಯಲ್ಲಿ ಹೆಡ್‌ಮೇಡಂ ಶೋಕೇಸಿನ ಕಪ್ಪುಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಹತ್ತಿ ಬಂದು, ಒಂದೊಂದಾಗಿ ಬಾಲ್ಕನಿಯ ಕಟ್ಟೆಯ ಮೇಲೆ ಜೋಡಿಸಿದರು.

"ಎಲ್ಲ ಕಿಟಕಿ ತೆಗೀರಿ," ಅಂದರು. "ಗಾಳಿ ಆಡಲಿ."

ಹೂಂರಾಯ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ನಿಂತಿದ್ದ. ಪಕ್ಕದಲ್ಲಿ ಹೆಂಡತಿ ಲೋಟಗಳನ್ನು ಒಂದೊಂದಾಗಿ ಎತ್ತಿ ನೆಲದ ಮೇಲೆ ಇಡುತ್ತಿದ್ದಳು.

"ಆ ಯಂತ್ರ ಒಂದೇ ಇತ್ತು ರೀ, ತಬ್ಕೊಂಡ್ರಿ," ಅಂದಳು ಮೆತ್ತಗೆ. "ಈಗ ಇಷ್ಟು ಜನರನ್ನ ಹೇಗೆ ತಬ್ಕೊಳ್ತೀರಿ?"

ಸ್ಟೇಡಿಯಂನ ದೀಪಗಳು ಒಮ್ಮೆಲೇ ಹೊತ್ತಿಕೊಂಡವು. ಹೆಡ್‌ಮೇಡಂ ತುಟಿಯ ಮೇಲೆ ಬೆರಳಿಟ್ಟು ಎಲ್ಲರ ಕಡೆ ತಿರುಗಿದರು.

"ಶ್! ಯಾರೂ ಮಾತಾಡಬೇಡಿ. ಈಗ ನಿಶ್ಶಬ್ದ ಶುರುವಾಗತ್ತೆ."