ಮಾವ ಹೇಳಿದ ಎರಡನೇ ಭಾಗ

ನಮ್ಮ ಸೋದರಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಅದರಿಂದ ಅವರಿಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ಆದ ತೊಂದರೆಯೆಲ್ಲ ಇಂಗ್ಲಿಷಿಗೇ ಆಗಿದೆ! ಅವರು ಕನ್ನಡದಲ್ಲಿ ಹೇಳಿದ ಇಂಗ್ಲಿಷ್ ಸಿನಿಮಾಗಳ ನಿರ್ದೇಶಕರು ಯಾರಾದರೂ ಒಮ್ಮೆ ಮಸ್ಕಿಗೆ ಬಂದು, ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕುಳಿತು ಕೇಳಬೇಕು. ತಾವು ಇಂಥ ಸಿನಿಮಾ ಮಾಡಿದ್ದೇವೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ.

ಮಾವನ ಉದ್ಯೋಗವೇ ಕೂಗುವುದು. ಆಟೊದ ನೆತ್ತಿಯ ಮೇಲೆ ಹಾರ್ನ್ ಕಟ್ಟಿಕೊಂಡು, ಕೈಯಲ್ಲಿ ಮೈಕ್ ಹಿಡಿದು, ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಓಣಿ ಓಣಿ ಸುತ್ತುತ್ತಾರೆ. ಸೀರೆ ಅಂಗಡಿಯ ರಿಯಾಯಿತಿ, ನಾಟಕ ಕಂಪನಿಯ ಕೊನೆಯ ಆಟ, ಪಾಮನಕಲ್ಲೂರಿನಲ್ಲಿ ತಪ್ಪಿಸಿಕೊಂಡ ಎಮ್ಮೆ, ಎಲ್ಲವೂ ಒಂದೇ ಧಾಟಿಯಲ್ಲಿ. ಕೇಳಿದವರಿಗೆ ಆ ಎಮ್ಮೆಯನ್ನೂ ಅರ್ಧ ಬೆಲೆಗೆ ಕೊಡುತ್ತಿದ್ದಾರೇನೋ ಅನಿಸಬೇಕು!

ಮೈಕ್ ಕೆಳಗಿಟ್ಟ ಮೇಲಾದರೂ ಧ್ವನಿ ಇಳಿಯುತ್ತದೆಯೇ? ಇಲ್ಲ. ಒಮ್ಮೆ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಬದ ಮರೆಗೆ ಕರೆದು, ಬಾಯಿಗೆ ಕೈ ಅಡ್ಡ ಹಿಡಿದು, "ನಿನಗೊಂದು ಸಂಬಂಧ ಬಂದೈತಿ. ಯಾರ ಮುಂದೂ ಹೇಳಬ್ಯಾಡ" ಎಂದು ಪಿಸುಗುಟ್ಟಿದರು. ನನ್ನ ವಿಷಯ ನನಗೇ ಜೋರಾಗಿ ಹೇಳಿಕೊಳ್ಳಲು ಮನಸ್ಸಿಲ್ಲದ ಹೆಣ್ಣು ನಾನು. ರಾಯಚೂರು ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ: "ಹುಡುಗ ಏನ್ ಮಾಡ್ತಾನ್ರೀ?" ಬಸ್ಸಿನೊಳಗಿದ್ದ ಮುದುಕಿಯೊಬ್ಬಳು, "ಹೊಲ ಎಷ್ಟೈತಿ ಕೇಳಪಾ ಮೊದ್ಲ" ಎಂದಳು. ಆ ಸಂಬಂಧ ಕೂಡಿಬರಲಿಲ್ಲ. ಆದರೆ ಆ ಕಂಡಕ್ಟರ್ ಈಗಲೂ ನನ್ನನ್ನು ಕಂಡರೆ "ಏನಾತ್ರೀ ಮೇಡಂ?" ಎನ್ನುತ್ತಾನೆ.

ಇಂಥ ಧ್ವನಿಯ ಮಗನನ್ನು ಹಡೆದದ್ದಕ್ಕೆ ಅಜ್ಜಿಗೆ ಸಿಕ್ಕ ಪ್ರಯೋಜನ ಸಿನಿಮಾ. ಅಜ್ಜಿಯ ಕಣ್ಣು ಮಂಜಾಗಿ ವರ್ಷಗಳಾದವು, ಟಿ.ವಿ.ಯಲ್ಲಿ ಅವಳಿಗೆ ಕಾಣುವುದು ಬೆಳಕು, ನೆರಳು ಇಷ್ಟೇ. ಆದ್ದರಿಂದ ಮಾವ ಟಿ.ವಿ. ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತು ಸಿನಿಮಾ ಹೇಳುತ್ತಾರೆ. ಕನ್ನಡದ ಸಿನಿಮಾ ಹೇಳುವುದು ಅವರಿಗೆ ಇಷ್ಟವಿಲ್ಲ. "ಅದರಾಗ ಅವರs ಎಲ್ಲಾ ಮಾತಾಡಿಬಿಡ್ತಾರ, ನನಗೇನ್ ಕೆಲಸ?" ಎಂಬುದು ಅವರ ದೂರು.

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಹಬ್ಬವಿಲ್ಲ, ರಜೆ ಮಾತ್ರ ಇದೆ. ಆ ರಜೆಗೆ ನಾನು ಮಸ್ಕಿಗೆ ಹೋಗುತ್ತೇನೆ, ಫೋನಿನಿಂದ ಟಿ.ವಿ.ಗೆ ಸಿನಿಮಾ ಹಾಕಿಕೊಡುತ್ತೇನೆ. ಎರಡು ವರ್ಷದ ಹಿಂದೆ ಹಾಗೆ ಸಿಕ್ಕದ್ದು ಒಂದು ನಗೆ ಸಿನಿಮಾ. ಹಿಮ ಬೀಳುವ ಊರಲ್ಲಿ ಕ್ರಿಸ್‌ಮಸ್‌ಗೆಂದು ದೊಡ್ಡ ಕುಟುಂಬವೊಂದು ಸೇರುತ್ತದೆ. ಆ ಮನೆಯ ಮುದುಕ ಹಟಮಾರಿ, ಮಾತಿಗೊಮ್ಮೆ ಕೆಮ್ಮುವವನು. ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಮರ ಕಡಿದು ತಂದು, ಮರ ಸಣ್ಣದು ಮಾಡಲು ಒಪ್ಪದೆ ಬಾಗಿಲನ್ನೇ ಒಡೆಸುತ್ತಾನೆ. ಕಥೆ ಇಷ್ಟೇ. ನಮ್ಮಲ್ಲಿ ಅದು ಇಷ್ಟಕ್ಕೇ ನಿಲ್ಲಲಿಲ್ಲ.

ಪರದೆ ತುಂಬ ಬೆಳ್ಳಗಾದ ಕೂಡಲೇ ಅಜ್ಜಿ ಕೇಳಿದಳು, "ಏನಲೇ ಅದು, ಬೆಳ್ಳಗ?"

"ಹತ್ತಿ, ಯವ್ವಾ. ಈ ಸಲ ಬಂಪರ್ ಬೆಳಿ!"

ಅಷ್ಟರಲ್ಲಿ ಮಕ್ಕಳು ಹಿಮದ ಉಂಡೆ ಕಟ್ಟಿ ಎಸೆದಾಡತೊಡಗಿದರು. "ಏನೋ ಒಗ್ಯಾಕತ್ತಾರಲ್ಲ?"

"ಹತ್ತೀನs. ರೇಟು ಬಿದ್ದೈತಿ, ಸಿಟ್ಟಿಗೆದ್ದಾರ!"

ನಾನು ಎಂ.ಎ. ಇಂಗ್ಲಿಷ್ ಓದಿದವಳು, ಒಂದಕ್ಕೊಂದು ಹೊಂದದ ಮಾತು ಕೇಳಿದರೆ ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಆದರೂ ಹತ್ತಿಗೆ ಸುಮ್ಮನಿದ್ದೆ. ಸುಮ್ಮನಿರಲಾಗದ್ದು ಸಂಬಂಧದ ವಿಷಯದಲ್ಲಿ. ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯದೆ ಅಜ್ಜಿ ಸಿನಿಮಾವನ್ನು ಮುಂದೆ ಬಿಡುವುದಿಲ್ಲ. ಇಂಗ್ಲಿಷಿನವರೋ ಹಡೆದ ತಂದೆಯನ್ನು ಬಿಟ್ಟು ಉಳಿದ ಗಂಡಸರನ್ನೆಲ್ಲ ಅಂಕಲ್ ಎಂದು ಮುಗಿಸಿಬಿಡುವ ಜನ. ಅವರಿಗೆ ಕಾಕಾ, ಮಾವ, ಭಾವ, ಬೀಗರುಗಳನ್ನು ಒದಗಿಸುವ ಹೊಣೆ ಮಾವನದು. ಬಾಗಿಲಲ್ಲಿ ಒಬ್ಬ ತರುಣ, ಒಬ್ಬ ತರುಣಿ ಕಾಣುತ್ತಲೇ ಮಾವ ಘೋಷಿಸಿದರು: "ಈಕಿ ಅವನ ಅಕ್ಕನ ಮಗಳು!" ಅಂದರೆ ನಮ್ಮ ಕಡೆ ಲೆಕ್ಕದಲ್ಲಿ ಮದುವೆ ನಿಶ್ಚಯವಾದಂತೆ. ಅಜ್ಜಿ ಖುಷಿಯಾಗಿ ಕಾಲು ಚಾಚಿದಳು. ಅರ್ಧ ಸಿನಿಮಾ ಮುಗಿಯುವ ಹೊತ್ತಿಗೆ ಅವರಿಬ್ಬರೂ ಒಂದೇ ತಾಯಿಯ ಮಕ್ಕಳು ಎಂಬುದು ಸ್ಪಷ್ಟವಾಯಿತು.

"ಮಾವಾ, ಅವರು ಅಣ್ಣ-ತಂಗಿ."

"ಏ, ನೀ ಸುಮ್ನಿರಬೇ!" ಎಂದು ಮಾವ ನನ್ನನ್ನು ಗದರಿದರು. "ಅರ್ಧ ಮದುವಿ ಮುಗದೈತಿ. ನಡುವ ಬಂದು ಸಂಬಂಧ ಕೆಡಸ್ತೀಯೇನು?"

ಆ ವರ್ಷ ಅಜ್ಜ ಇದ್ದರು. ಗೋಡೆಗೊರಗಿ ಕುಳಿತು, ಸಿನಿಮಾದ ಮುದುಕನ ಪರ ವಹಿಸಿ, "ಬರೋಬ್ಬರಿ ಮಾಡಿದ. ಬಾಗಲ ಸಣ್ಣದಿದ್ರ ಗಿಡದ್ದೇನ್ ತಪ್ಪು?" ಎನ್ನುತ್ತಿದ್ದರು. ಅಜ್ಜಿ ಸಿನಿಮಾದ ಮುದುಕಿಯ ಪರ. "ಪಾಪ, ಆಕಿ ಹೆಂಗ ಬಾಳೇ ಮಾಡ್ಯಾಳೋ" ಎಂದು ನಿಟ್ಟುಸಿರು ಬಿಟ್ಟು, "ನನ್ನಂಗs" ಎಂದು ಸೇರಿಸುತ್ತಿದ್ದಳು. ಇಬ್ಬರ ಜಗಳದಲ್ಲಿ ಸಿನಿಮಾ ಕೇಳುತ್ತಿರಲಿಲ್ಲ. ಮಾವನ ಧ್ವನಿಯೊಂದೇ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು.

ಅಜ್ಜಿ ಅತ್ತದ್ದು ಕಡಿಮೆ. ಆದರೆ ಊಟ ಬಿಟ್ಟುಬಿಟ್ಟಳು. ಪೂರ್ತಿ ಬಿಟ್ಟಳೆಂದಲ್ಲ, ತಾಟು ಮುಂದಿಟ್ಟರೆ ಒಂದು ತುತ್ತು ಮುರಿದು, "ಸಾಕು, ಒಯ್ರಿ" ಎಂದು ಸರಿಸುವಳು. ಅತ್ತೆ, ಅಂದರೆ ಮಾವನ ಹೆಂಡತಿ, ಗಂಜಿ ಮಾಡಿದರು, ಸಿಹಿ ಮಾದ್ಲಿ ಮಾಡಿದರು, ಸಿಟ್ಟು ಮಾಡಿದರು. ಡಾಕ್ಟರು, ಹೀಗೇ ಆದರೆ ಚಳಿಗಾಲ ಕಳೆಯುವುದು ಕಷ್ಟ ಎಂದುಬಿಟ್ಟರು. ಮಾವ ದಿನವೂ ಆಟೊ ಹತ್ತುವ ಮುಂಚೆ, "ಯವ್ವಾ, ಉಣ್ಣs" ಎಂದು ಹೇಳಿಹೋಗುತ್ತಿದ್ದರು. ಅದು ಓಣಿಗೆಲ್ಲ ಕೇಳಿ, ಪಕ್ಕದ ಮನೆಯವರೆಲ್ಲ ಹೊತ್ತಿಗೆ ಸರಿಯಾಗಿ ಉಣ್ಣುವಂತಾಯಿತು, ಅಜ್ಜಿಯೊಬ್ಬಳನ್ನು ಬಿಟ್ಟು.

ಕಳೆದ ಕ್ರಿಸ್‌ಮಸ್ ದಿನ ನಾನು ಹೋದಾಗ ಮಾವ ನನ್ನ ಫೋನು ಕಸಿದುಕೊಂಡು ಅದರಲ್ಲಿ ಆ ಸಿನಿಮಾದ ಮನೆಯ ಚಿತ್ರ, ಪಕ್ಕದಲ್ಲಿ 2 ಎಂಬ ಅಂಕಿ ಕಂಡು ಮನೆ ನಡುಗುವಂತೆ ಕೂಗಿದರು: "ಯವ್ವಾ! ಎರಡನೇ ಭಾಗ ಬಂದೈತಿ!"

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಜ್ಜಿ ಇತ್ತ ಹೊರಳಿದಳು. ಆಮೇಲೆ ಕೇಳಿದಳು, "ಆ ಮುದುಕ ಅದಾನೇನು?"

"ಅವನಿಲ್ದ ಸಿನಿಮಾ ಹೆಂಗ ಆಗ್ತೈತಿ? ಅವನs ಹೀರೋ!"

ಅಜ್ಜಿ ಎದ್ದು ಕುಳಿತಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾವನಿಗೆ ಕೈ ಮುಗಿದರು. ಮದುವೆಯಾದಂದಿನಿಂದ ಅವರು ಮಾವನ ಗಂಟಲಿಗೆ ಕೈ ಮುಗಿದದ್ದು ಅದೇ ಮೊದಲಿರಬೇಕು.

ಸಿನಿಮಾವನ್ನು ನಮ್ಮಲ್ಲಿ ಯಾರೂ ಮೊದಲೇ ನೋಡಿರಲಿಲ್ಲ. ಶುರುವಾಯಿತು. ಅದೇ ಮನೆ, ಅದೇ ಒಡೆದು ಕಟ್ಟಿದ ಬಾಗಿಲು. ಗೋಡೆಯ ಮೇಲೆ ಮುದುಕನ ಫೋಟೊ. ಕರೀ ಬಟ್ಟೆ ತೊಟ್ಟ ಜನ ಸಾಲಾಗಿ ಬಂದು ಮುದುಕಿಯ ಕೈ ಹಿಡಿದು ಹೋಗುತ್ತಿದ್ದರು. ಮಾವನ ಬಾಯಿ ತೆರೆದದ್ದು ತೆರೆದೇ ಇತ್ತು, ಧ್ವನಿ ಹೊರಡಲಿಲ್ಲ.

"ಏನಾಕತ್ತೈತಲೇ? ಬಾಯಿ ಬಿದ್ದೈತೇನು?"

"ಮದುವಿ, ಯವ್ವಾ."

"ಮತ್ತ ಅಳೋದು ಕೇಳಾಕತ್ತೈತಿ?"

"ಅವರು ಹೆಣ್ಣಿನ ಕಡ್ಯಾರು."

ಅಜ್ಜಿ ಒಪ್ಪಿದಳು. ಹೆಣ್ಣಿನ ಕಡೆಯವರು ಅಳುವುದು ಸರಿಯೇ. "ಮುದುಕ ಎಲ್ಲಿ?"

"ಮುದುಕ... ಸಿಂಧನೂರಿಗೆ ಹೋಗ್ಯಾನ. ಮದುವಿ ಸಾಮಾನು ತರಾಕ."

ಅಲ್ಲಿಂದ ಮುಂದೆ ಮಾವ ಎರಡು ಸಿನಿಮಾ ಹೇಳಿದರು. ಒಂದು ಪರದೆಯ ಮೇಲಿನದು. ಇನ್ನೊಂದು ಎಲ್ಲಿಯೂ ಇಲ್ಲದ್ದು, ಮುದುಕನದು. ಮುದುಕ ಸಿಂಧನೂರಿನಲ್ಲಿ ಬಾಜಾ ಬಜಂತ್ರಿಯವರ ಜೊತೆ ಚೌಕಾಶಿ ಮಾಡಿದ. ಬಸ್ಸಿಗೆ ಕಾಯದೆ ಭತ್ತದ ಟ್ರ್ಯಾಕ್ಟರ್ ಹತ್ತಿದ. ಜವಳಗೇರಾದಲ್ಲಿ ಟ್ರ್ಯಾಕ್ಟರ್ ಪಂಕ್ಚರ್ ಆಗಿ ಇಳಿದ. ಅಲ್ಲಿ ಚಹಾದ ಅಂಗಡಿಯವನ ಜೊತೆ ಜಗಳ ತೆಗೆದ. ಟಿ.ವಿ.ಯಲ್ಲಿ ಹಿಮ ಸುರಿಯುತ್ತಿತ್ತು. ಪಡಸಾಲೆಯಲ್ಲಿ ಮುದುಕ ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡಿದ್ದ!

ನಾನು ತಿದ್ದಲಿಲ್ಲ.

ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು. ಅಜ್ಜಿ ಕಿವಿಯನ್ನು ಟಿ.ವಿ.ಯ ಕಡೆ ತಿರುಗಿಸಿದಳು, ಮಾವನ ಕಡೆಯಲ್ಲ. "ಲೇ, ಅವನ ಕೆಮ್ಮು ಒಮ್ಮೆನೂ ಕೇಳಲಿಲ್ಲಲ್ಲ?" ಎಂದಳು.

"ಬರಾಕತ್ತಾನ ಯವ್ವಾ, ಈಗ ಜವಳಗೇರಾ ಬಿಟ್ಟ..."

"ನೀ ಸುಮ್ನಿರು." ಅಜ್ಜಿ ನನ್ನ ಕಡೆ ಕೈ ಚಾಚಿ, ನನ್ನ ಮೊಣಕಾಲು ಹಿಡಿದಳು. "ನೀ ಹೇಳಬೇ. ಮುದುಕ ಎಲ್ಲಿ?"

ಮಾವ ನನ್ನತ್ತ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದರು. ಅತ್ತೆಯ ಕೈಯಲ್ಲಿನ ಸೌಟು ನಿಂತಿತು. ಅಜ್ಜಿಯ ಬೆರಳು ಎಷ್ಟು ಬಡವಾಗಿದ್ದವೆಂದರೆ, ಅವುಗಳಿಗೆ ಸುಳ್ಳು ಹೇಳಲು ನನಗೆ ಆಗಲಿಲ್ಲ.

"ತೀರಿಕೊಂಡಾನ ಅಜ್ಜಿ. ಸಿನಿಮಾ ಶುರು ಆಗೋ ಮುಂಚೇನs."

ಮಾವ ಸ್ಟೂಲಿನಿಂದ ಎದ್ದುಬಿಟ್ಟರು. ಟಿ.ವಿ.ಯಲ್ಲಿ ಚಮಚಗಳ ಸದ್ದು. ಕುಟುಂಬ ಊಟಕ್ಕೆ ಕುಳಿತಿತ್ತು.

"ಹೌದಾ," ಎಂದಳು ಅಜ್ಜಿ. "ಮತ್ತ ಮುದುಕಿ?"

ಇಷ್ಟು ಹೊತ್ತೂ ನಾವೆಲ್ಲ ಆ ಮುದುಕನನ್ನು ಕಾಯುವುದರಲ್ಲೇ ಇದ್ದೆವು. ಮುದುಕಿಯ ಸುದ್ದಿಯನ್ನು ಯಾರೂ ಹೇಳಿರಲಿಲ್ಲ.

"ಅದಾಳ ಅಜ್ಜಿ. ಎಲ್ಲಾರ ಜೋಡಿ ಊಟಕ್ಕ ಕುಂತಾಳ."

"ಉಣ್ಣಾಕತ್ತಾಳೇನು?"

ನಾನು ಪರದೆ ನೋಡಿದೆ. ಮುದುಕಿ ಮೇಜಿನ ಕೊನೆಯಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಮುಂದಿನ ತಟ್ಟೆಯನ್ನು ಮುಟ್ಟಿಯೂ ಇರಲಿಲ್ಲ.

"ಉಣ್ಣಾಕತ್ತಾಳ," ಎಂದೆ.

"ಎರಡನೇ ರೊಟ್ಟಿ, ಯವ್ವಾ!" ಮಾವ ಬಾಗಿಲ ಹತ್ತಿರದಿಂದ ಕೂಗಿದರು. "ಪುಂಡಿಪಲ್ಯದಾಗ ಎರಡನೇ ರೊಟ್ಟಿ!"

ಅಜ್ಜಿಯ ಕೈ ನನ್ನ ಮೊಣಕಾಲಿನಿಂದ ಇಳಿದು, ನೆಲವನ್ನು ಸವರುತ್ತ, ತಾಟು ಇರಬೇಕಾದ ಜಾಗದಲ್ಲಿ ನಿಂತಿತು. ಅತ್ತೆ ಓಡಿಬಂದು ಬಡಿಸಿದರು. ಒಂದು ತುತ್ತು ಹೋಯಿತು. ಎರಡನೆಯದು ಹೋಯಿತು. ಅಜ್ಜಿ ಅಗಿಯುವುದನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು.

"ಪುಂಡಿ ಎಲ್ಲೈತಿ? ಇದು ಬದ್ನಿಕಾಯಿ," ಎಂದಳು. "ಈ ಮನ್ಯಾಗ ಒಬ್ಬರಾದ್ರೂ ಖರೇ ಹೇಳ್ತೀರೇನು?"

ಹಾಗೆಂದು ಇನ್ನೊಂದು ರೊಟ್ಟಿಗೆ ಕೈ ಒಡ್ಡಿದಳು.