ಬೋಂಜೂರ್, ಗಂಗೊಳ್ಳಿ!

ಪ್ಯಾರಿಸ್ ಪಟ್ಟಣವನ್ನು ಐದೇ ದಿನದಲ್ಲಿ, ಒಬ್ಬನೇ ಒಬ್ಬ ನರಮನುಷ್ಯನನ್ನೂ ದಾರಿ ಕೇಳದೆ ನೋಡಿ ಮುಗಿಸುವುದಾಗಿ ಗಂಗೊಳ್ಳಿಯ ಅಶೋಕಣ್ಣ ಘೋಷಿಸಿದರು. ಘೋಷಣೆ ನಡೆದದ್ದು ಅಡುಗೆಮನೆಯಲ್ಲಿ. ಸಭಿಕರು ಇಬ್ಬರು: ಬಂಗುಡೆ ಕೊಯ್ಯುತ್ತಿದ್ದ ಹೆಂಡತಿ ಹರಿಣಾಕ್ಷಿ ಮತ್ತು ಬಂಗುಡೆಯ ಮೇಲೇ ಕಣ್ಣಿಟ್ಟಿದ್ದ ಬೆಕ್ಕು.

ಅಶೋಕಣ್ಣ ಇಪ್ಪತ್ತೆರಡು ವರ್ಷದಿಂದ ಐಸ್ ಪ್ಲಾಂಟಿನ ಮ್ಯಾನೇಜರು. ಯಾವ ಬೋಟಿಗೆ ಎಷ್ಟು ಐಸು ಎಂದು ಚೀಟಿ ನೋಡದೆ ಹೇಳುವ ತಲೆಗೆ ಪ್ಯಾರಿಸ್ ಯಾವ ಲೆಕ್ಕ! ಜೂನ್ ಬಂತೆಂದರೆ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟುಗಳು ದಡ ಸೇರುತ್ತವೆ, ಐಸ್ ಪ್ಲಾಂಟೂ ತಣ್ಣಗಾಗುತ್ತದೆ. ಆಗಲೇ ಪ್ರಯಾಣ. ಹರಿಣಾಕ್ಷಿಯ ತಮ್ಮ ಪ್ರೇಮಾನಂದ, "ಟೂರಿನವರೊಟ್ಟಿಗೆ ಹೋಯ್ನಿ ಭಾವ, ಗೈಡ್ ಕೆಂಪು ಕೊಡೆ ಹಿಡ್ಕಂಡ್ ಮುಂದ್ ಹೋತಾ, ನೀವ್ ಹಿಂದ್ ಹೋರೆ ಸೈ" ಎಂದಿದ್ದ. ಅಶೋಕಣ್ಣನಿಗೆ ಉರಿದುಹೋಯಿತು.

"ಕೊಡೆ ಹಿಂದೆ ಹೋಪುಕೆ ನಾನೆಂತ ಬಾತುಕೋಳಿ ಮರಿಯಾ?"

ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಿಮಿಷ ನಿಮಿಷದ ಯೋಜನೆ ಸಿದ್ಧವಾಯಿತು. ಹರಿಣಾಕ್ಷಿ ಕನ್ನಡಕ ಏರಿಸಿ ಓದಿದಳು.

"ಇದ್ರಲ್ಲಿ ಚಾ ಕುಡುಕೆ ಟೈಮ್ ಎಲ್ಲಿತ್ತ್?"

"ಶನಿವಾರ ಮೂರೂವರಿಗೆ. ಬರ್ದಿದೆ, ಕಾಣ್!"

"ನಾವ್ ಇಳುದ್ ಮಂಗ್ಳವಾರ ಅಲ್ದಾ?"

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಮಹಾ ಯೋಜಕರು ಉತ್ತರಿಸುವುದಿಲ್ಲ. ಬದಲಿಗೆ ಅವರು ಮೇ ತಿಂಗಳ ಒಂದು ಭಾನುವಾರ ರಿಹರ್ಸಲ್ ಇಟ್ಟರು. ಗಂಗೊಳ್ಳಿ ಹೊಳೆಯೇ ಪ್ಯಾರಿಸಿನ ನದಿ. ಹೊಳೆ ದಾಟಿಸುವ ದೋಣಿಯೇ ವಿಹಾರ ನೌಕೆ. ಆಚೆ ದಡದ ಕೋಡಿ ಲೈಟ್‌ಹೌಸೇ ಐಫೆಲ್ ಗೋಪುರ! ಪ್ಯಾರಿಸಿನಲ್ಲಿ ನಮ್ಮ ಸಿಮ್ ನಡೆಯುವುದಿಲ್ಲವಾದ್ದರಿಂದ ಇಬ್ಬರ ಫೋನೂ ಬಂದ್. ಅಲ್ಲಿ ಕನ್ನಡ ಯಾರಿಗೂ ಬಾರದಾದ್ದರಿಂದ ಅಶೋಕಣ್ಣನಿಗೆ ಸಂಜೆ ಐದರವರೆಗೆ ಕನ್ನಡವೂ ಬಂದ್.

"ಒಂದ್ ಶಬ್ದ ಕನ್ನಡ ಬಾಯಿಂದ ಬಿದ್ರೂ ನಾನ್ ಸೋತೆ. ಮತ್ತೆ ನಿನ್ನ ತಮ್ಮನ ಕೊಡೆ ಹಿಂದೆಯೇ ಬತ್ತೆ. ಆದ್ರೆ ಈ ವಿಷ್ಯ ಯಾರಿಗೂ ಹೇಳುಕಾಗ, ನನ್ನಮ್ಮನಿಗೂ!"

ಒಂಬತ್ತು ಗಂಟೆ ಹತ್ತು ನಿಮಿಷದ ದೋಣಿ. ಹರಿಣಾಕ್ಷಿ ದಾರಿಯಲ್ಲಿ ಮೀನು ಮಾರುವ ಬಾಗಿಯ ಹತ್ತಿರ ಮಾತಿಗೆ ನಿಂತಳು. ಯೋಜನೆಯಲ್ಲಿ ಬಾಗಿ ಇರಲಿಲ್ಲ. ಅಶೋಕಣ್ಣ ಗಡಿಯಾರ ನೋಡಿದರು, ಹೆಂಡತಿಯನ್ನು ಅಲ್ಲೇ ಬಿಟ್ಟು ದೋಣಿ ಹತ್ತಿದರು.

"ಹ್ವಾಯ್ ಅಶೋಕಣ್ಣ, ಎಲ್ಲಿಗ್ ಹೊರ್ಟದ್ದ್?" ದೋಣಿ ನಡೆಸುವ ಕೊರಗ ಕೇಳಿದ.

ನಮ್ಮೂರಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದವರು ಇನ್ನೂ ಹುಟ್ಟಿಲ್ಲ. ಅಶೋಕಣ್ಣ ಮಾತ್ರ ಗಂಭೀರವಾಗಿ ತಲೆ ಬಾಗಿಸಿ, ತಮಗೆ ಬರುತ್ತಿದ್ದ ಎರಡು ಫ್ರೆಂಚ್ ಶಬ್ದಗಳಲ್ಲಿ ನಮಸ್ಕಾರದ್ದನ್ನು ಆರಿಸಿಕೊಂಡರು.

"ಬೋಂಜೂರ್!"

"ಬೊಂಡ ಚೂರಾ?" ಎಳನೀರು ಕೇಳಿದರೆಂದು ತಿಳಿದ ಕೊರಗನ ಮುಖ ಪೆಚ್ಚಾಯಿತು. "ಎಂತ ಆಯ್ತ್ ಮಾರ್ರೆ? ಮಾತ್ ಎಂತಕೆ ಹೊರಳುದಿಲ್ಲ?"

"ಮೆರ್ಸಿ, ಮೆರ್ಸಿ" ಎಂದರು ಅಶೋಕಣ್ಣ. ಅದು ಧನ್ಯವಾದ. ಖರ್ಚಾಗದೆ ಉಳಿದಿದ್ದ ಎರಡನೆಯ ಶಬ್ದ.

ದೋಣಿ ದಡ ಮುಟ್ಟುವ ಮೊದಲೇ ಸುದ್ದಿ ದಡ ಮುಟ್ಟಿತ್ತು. ಕುಂದಾಪುರದ ತನ್ನ ಬಟ್ಟೆ ಅಂಗಡಿಯಿಂದ ಪ್ರೇಮಾನಂದ ಆಟೋ ಹಿಡಿದು ಓಡಿ ಬಂದ.

"ಭಾವ! ನಾನ್ ಯಾರ್ ಹೇಳಿ ಕಾಂಬ?"

ಹೇಳಬಹುದಿತ್ತು. ಆದರೆ ಯಾರ ಮುಂದೆ ಸೋಲುವುದು? ಕೊಡೆಯವನ ಮುಂದೆಯೇ? ಅಶೋಕಣ್ಣ ತುಟಿ ಬಿಗಿದು, ಐದು ಗಂಟೆವರೆಗೆ ಕಾಯಿರಿ ಎಂಬಂತೆ ಗಡಿಯಾರ ಮುಟ್ಟಿ ತೋರಿಸಿದರು.

"ಅಯ್ಯೋ, ನನ್ನ ಟೈಮ್ ಬಂತ್ ಅಂತ್ರ್ ಮಾರ್ರೆ!" ಪ್ರೇಮಾನಂದ ಗೊಳೋ ಎಂದ.

ಲಕ್ವವೇ ಹೊಡೆಯಿತೆಂದು ಅದೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಡಾಕ್ಟರು ಕೈ ಎತ್ತಿಸಿದರು, ನಾಲಿಗೆ ಚಾಚಿಸಿದರು, ಎಲ್ಲ ಸರಿಯಿದೆ, ಮನೆಯಲ್ಲಿ ಮಲಗಲಿ ಎಂದರು. ಐಫೆಲ್ ಗೋಪುರ ನೋಡಬೇಕಾದವರು ಸ್ವಂತ ಮನೆಯ ಮಾಡು ನೋಡುತ್ತಾ ಮಲಗಿದರು. ಅಂಗಳದ ತುಂಬ ಜನ. ಕೊರಗ ಎರಡು ಗೊನೆ ಬೊಂಡ ತಂದು ಒಂದೊಂದೇ ಕೆತ್ತಿ ಕುಡಿಸಿದ. ಪ್ರತಿ ಸಲವೂ ಅಶೋಕಣ್ಣ ಸೌಜನ್ಯಕ್ಕೆ "ಮೆರ್ಸಿ" ಎನ್ನುವರು, ಪ್ರತಿ ಸಲವೂ ಮುದಿ ತಾಯಿ ಅಕ್ಕು, "ದೇವ್ರೇ, ನನ್ನ ಮಗನ ಬಾಯಿ!" ಎಂದು ಎದೆ ಬಡಿದುಕೊಳ್ಳುವಳು. ತಾಯಿಯ ಕಣ್ಣೀರು ಕಂಡು ಅಶೋಕಣ್ಣ ಮತ್ತೊಮ್ಮೆ ಗಡಿಯಾರ ನೋಡಿದರು: ನಾಲ್ಕೂವರೆ. ಏಳು ಬೊಂಡದವರೆಗೆ ತಡೆದವರು ಇನ್ನರ್ಧ ಗಂಟೆ ತಡೆಯಲಾರರೇ!

ಐದು ಹೊಡೆಯಿತು. ಅಶೋಕಣ್ಣ ಹಾಸಿಗೆಯಿಂದ ಜಿಗಿದರು.

"ಗೆದ್ದೆ! ಒಂದ್ ಶಬ್ದ ಕನ್ನಡ ಆಡ್ಲಿಲ್ಲ! ಪ್ಯಾರಿಸ್ ನಂದೇ!"

ಅಶೋಕಣ್ಣ ಎದೆಯುಬ್ಬಿಸಿ ರಿಹರ್ಸಲಿನ ಕಥೆ ಒಪ್ಪಿಸಿದರು. ಹೇಳಿ ಮುಗಿಯುವಾಗ ಹರಿಣಾಕ್ಷಿ ಅಂಗಳಕ್ಕೆ ಬಂದಳು, ಮುಖ ಬಿಸಿಲಿಗೆ ಕೆಂಪಾಗಿತ್ತು, ಕೈಯಲ್ಲಿ ಕೊಡೆ.

"ಎಲ್ಲಿ ಹೋಗಿದ್ದೆ?"

"ಪ್ಯಾರಿಸಿಗೆ! ದಾರಿ ಕೇಂಡ್ಕಂಡ್ ಕೇಂಡ್ಕಂಡ್ ಬಸ್ಸಲ್ಲೇ ಹೋದೆ. ಹನ್ನೊಂದೂವರಿಗೆ ಲೈಟ್‌ಹೌಸ್. ಒಂದ್ ಗಂಟಿಗೆ ಊಟ. ಚಾ ಎರಡ್ ಸಲ ಕುಡ್ದೆ. ನೀವ್ ಎಲ್ಲೂ ಕಾಣ್ಲೇ ಇಲ್ಲ!"

ಉಬ್ಬಿದ ಎದೆ ತುಸು ಇಳಿಯಿತು. "ಆದ್ರೂ ಮಾತು ಮಾತೇ. ಪ್ಯಾರಿಸಲ್ಲಿ ಮುಂದೆ ಹೋಪುದ್ ನಾನೇ!"

ಅಷ್ಟರಲ್ಲಿ ಅಕ್ಕು ಕಣ್ಣೊರೆಸಿಕೊಂಡು ಮಗನ ತಲೆ ಸವರಿದಳು.

"ಮಾತ್ ಬಂತಲ್ಲ ಮಗಾ, ಅಷ್ಟೇ ಸಾಕ್. ಗಾಬ್ರಿಲಿ ಎಂತ ಹರ್ಕಿ ಹೇಳುದ್ ಗೊತ್ತಾಯ್ಲಿಲ್ಲ. ನಿಂಗೆ ಮಾತ್ ಬಂದ್ರೆ ನಿನ್ನ ಕೈಲಿ ಐದ್ ದಿನ ಮೌನವ್ರತ ಮಾಡಸ್ತೆ ಅಂದೇಳಿ ದೇವ್ರಿಗ್ ಹೇಳ್ಕಂಡಿದೆ. ಈ ಮಳ್ಗಾಲದೊಳ್ಗೇ ತೀರ್ಸ್ಕ್ ಕಾಣ್."

"ಐದ್ ದಿನ!" ಹರಿಣಾಕ್ಷಿಯ ಮುಖ ಅರಳಿತು. "ಪ್ಯಾರಿಸಲ್ಲಿ ನಾವ್ ಇಪ್ಪುದೂ ಸಮಾ ಐದ್ ದಿನ! ಅಲ್ಲೇ ತೀರ್ಸ್ಕಂಬ. ದಾರಿ ನಾನ್ ಕೇಂತೆ. ನೀವ್ ಸುಮ್ನೆ ನನ್ನ ಕೊಡೆ ಹಿಂದೆ ಬನ್ನಿ."

ಅಶೋಕಣ್ಣ ಬಾಯಿ ತೆರೆದರು. ಕನ್ನಡವೂ ಬರಲಿಲ್ಲ, ಫ್ರೆಂಚೂ ಬರಲಿಲ್ಲ. ಕೊರಗ ಗಾಬರಿಯಿಂದ ಕತ್ತಿಗೆ ಕೈ ಹಾಕಿದ.

"ಬೊಂಡ ಚೂರಾ, ಅಶೋಕಣ್ಣ?"